ಬೂಸ್ಟ್ ಬಟನ್ ಇಲ್ಲದ ಕಾಲದ ಗಳಗನಾಥರು

ನವೆಂಬರ್ ಹತ್ತಿರ ಬಂತು ಅಂದರೆ ಕಾಲೇಜು ಕನ್ನಡ ಸಂಘಗಳ ಇನ್‌ಸ್ಟಾಗ್ರಾಂ ಪುಟಗಳಿಗೆ ಜೀವ ಬರುತ್ತದೆ. ಪೋಸ್ಟರ್ ಸಿದ್ಧವಾಗುತ್ತದೆ, ರೀಲ್ ಸಿದ್ಧವಾಗುತ್ತದೆ. ಹಾಕಿದ ಮೇಲೆ ನೋಡಿದರೆ ಲೈಕ್ ಕೊಟ್ಟವರೆಲ್ಲ ಸಂಘದವರೇ! ಆಗ ಗುಂಪಿನಲ್ಲಿ ಯಾರಾದರೂ ಒಬ್ಬರು ಸ್ವಲ್ಪ ದುಡ್ಡು ಹಾಕಿ ಬೂಸ್ಟ್ ಮಾಡೋಣ ಅಂತಾರೆ. ಅಲ್ಲಿಂದ ಮೂರು ಪ್ರಶ್ನೆ ಶುರುವಾಗುತ್ತವೆ. ಎಷ್ಟು ದುಡ್ಡು ಹಾಕಬೇಕು? ಯಾರಿಗೆ ತೋರಿಸಬೇಕು? ದುಡ್ಡು ಹೋದ ಮೇಲೆ ಕೈಗೆ ಏನು ಬಂತು ಅಂತ ಲೆಕ್ಕ ಹಾಕೋದು ಹೇಗೆ?

ಈ ಪ್ರಶ್ನೆಗಳಿಗೆ ಯೂಟ್ಯೂಬ್‌ನಲ್ಲಿ ಸಾವಿರ ವಿಡಿಯೋ ಸಿಗುತ್ತವೆ. ನಾವು ಈ ಸಂಚಿಕೆಯಲ್ಲಿ ಬೇರೆ ದಾರಿ ಹಿಡಿದಿದ್ದೇವೆ. ಇದೇ ಮೂರು ಪ್ರಶ್ನೆಗಳನ್ನು ಇಡೀ ಜೀವಮಾನ ಎದುರಿಸಿದ ಒಬ್ಬ ಕನ್ನಡ ಮಾಸ್ತರರ ಬದುಕನ್ನು ಓದುತ್ತಾ, ನಡುನಡುವೆ ಇವತ್ತಿನ ಆ್ಯಡ್ ಲೆಕ್ಕವನ್ನೂ ಮಾಡೋಣ. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ನಾಡಿಗೆ ಗೊತ್ತಿರೋದು ಅವರ ಊರಿನ ಹೆಸರಿನಿಂದ, ಗಳಗನಾಥ ಅಂತ.

ಲೆಕ್ಕ ಮಾಡಲು ಒಂದು ಊರು ಬೇಕಲ್ಲ, ಅದಕ್ಕೆ ನರೇಗಲ್ಲನ್ನು ಇಟ್ಟುಕೊಳ್ಳೋಣ. ಗದಗದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು, ಈಗ ಪಟ್ಟಣ ಪಂಚಾಯತಿ. ಸುತ್ತಲೂ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಅಬ್ಬಿಗೇರಿ, ಜಕ್ಕಲಿ, ಹಾಲಕೆರೆ, ನಿಡಗುಂದಿ ಎಲ್ಲ ಹತ್ತಿರದ ಊರುಗಳು. ದೊಡ್ಡ ಶಹರವೂ ಅಲ್ಲ, ತೀರಾ ಹಳ್ಳಿಯೂ ಅಲ್ಲ. ಜಾಹೀರಾತು ಮಾಡುವವರಿಗೆ ಇಂಥ ಊರೇ ನಿಜವಾದ ಪರೀಕ್ಷೆ. ಬೆಂಗಳೂರಿನಲ್ಲಿ ಕನ್ನಡ ಪುಸ್ತಕ ಕೊಳ್ಳುವವರನ್ನು ಹುಡುಕಬಹುದು. ನರೇಗಲ್‌ನಲ್ಲಿ ಒಬ್ಬ ಓದುಗನನ್ನು ಮುಟ್ಟಲು ಎಷ್ಟು ಖರ್ಚು? ಇದು ಇವತ್ತಿನ ಪ್ರಶ್ನೆ. ಗಳಗನಾಥರ ಪ್ರಶ್ನೆಯೂ ಹೆಚ್ಚು ಕಡಿಮೆ ಇದೇ ಆಗಿತ್ತು.

ಹೊಳೆ ದಂಡೆಯ ಊರು

ಗಳಗನಾಥ ಅನ್ನುವ ಊರು ಹಾವೇರಿ ತಾಲೂಕಿನಲ್ಲಿದೆ. ವರದಾ ಹೊಳೆ ತುಂಗಭದ್ರೆಯನ್ನು ಸೇರುವ ಜಾಗ ಅದು. ಅಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಸ್ಥಾನವಿದೆ. ವೆಂಕಟೇಶ ಕುಲಕರ್ಣಿ ಹುಟ್ಟಿದ್ದು ಆ ಊರಿನಲ್ಲಿ, 1869ರಲ್ಲಿ. ಆಗ ಹಾವೇರಿ ಸೀಮೆಯೂ ನರೇಗಲ್ ಇದ್ದ ರೋಣ ತಾಲೂಕೂ ಒಂದೇ ಧಾರವಾಡ ಜಿಲ್ಲೆಯೊಳಗಿದ್ದವು. ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಗದಗ, ಹಾವೇರಿ ಬೇರೆ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅಂದರೆ ನಾವು ಇವತ್ತು ಎರಡು ಜಿಲ್ಲೆ ಅಂತ ನೋಡುವ ಪ್ರದೇಶ ಗಳಗನಾಥರಿಗೆ ಒಂದೇ ಅಂಗಳ.

ಅವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಕನ್ನಡ ಶಾಲೆಯ ಮಾಸ್ತರರಾದರು. ಹಳ್ಳಿಗಳ ಶಾಲೆಗಳಲ್ಲಿ ಪಾಠ ಹೇಳಿದರು. ಈ ಕೆಲಸದಿಂದ ಅವರಿಗೆ ಸಿಕ್ಕ ದೊಡ್ಡ ಲಾಭ ಸಂಬಳವಲ್ಲ, ಅದು ಕಡಿಮೆಯೇ ಇತ್ತು. ಊರಲ್ಲಿ ಯಾರಿಗೆ ಓದಲು ಬರುತ್ತದೆ, ಓದಲು ಬಂದರೂ ಯಾಕೆ ಓದುವುದಿಲ್ಲ, ಏನು ಕೊಟ್ಟರೆ ಓದುತ್ತಾರೆ ಅನ್ನುವುದು ಹಳ್ಳಿ ಮಾಸ್ತರರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ. ಇವತ್ತು ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಮಾಡಿಸುವ ಮಾರ್ಕೆಟ್ ರಿಸರ್ಚ್ ಅವರಿಗೆ ದಿನದ ಕೆಲಸದಲ್ಲೇ ಆಗಿಹೋಯಿತು.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕ ಬರೆಯುವವರಿಗೆ ಬಹುಮಾನ ಕೊಟ್ಟು ಪ್ರೋತ್ಸಾಹಿಸುವುದು ಅದರ ಕೆಲಸಗಳಲ್ಲಿ ಒಂದು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಬಂತು, ಸಂಘದ ಬಹುಮಾನವೂ ಅದಕ್ಕೆ ಸಿಕ್ಕಿತು. ಬಹುಮಾನ ಬಂತು, ಸರಿ. ಆದರೆ ಓದುವವರು ಎಲ್ಲಿದ್ದಾರೆ?

ಆಡಿಯನ್ಸ್ ಎಲ್ಲಿ ಅಡಗಿದ್ದಾರೆ?

1901ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಐದರ ಆಸುಪಾಸು. ಧಾರವಾಡ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಗಂಟು ಬೇರೆ. ಮನೆಯಲ್ಲಿ ಕನ್ನಡ ಮಾತಾಡುವ, ಕಲಿತ ಮಂದಿಯಲ್ಲಿ ಬಹಳಷ್ಟು ಜನ ಓದಲು ಕೂತರೆ ಮರಾಠಿ ಪುಸ್ತಕ, ಮರಾಠಿ ಪತ್ರಿಕೆ ತೆಗೆಯುತ್ತಿದ್ದರು. ಪೇಶ್ವೆಯರ ಕಾಲದಿಂದ ಬಂದ ಆಡಳಿತದ ರೂಢಿ, ಪುಣೆ ಮುಂಬಯಿಯ ಓದು, ಅಲ್ಲಿಯ ಪತ್ರಿಕೆಗಳ ಗತ್ತು ಎಲ್ಲ ಸೇರಿ ಹಾಗಾಗಿತ್ತು. ಕನ್ನಡ ಅಡುಗೆಮನೆಗೆ, ಮರಾಠಿ ಪಡಸಾಲೆಗೆ ಅನ್ನುವ ಸ್ಥಿತಿ.

ಇದನ್ನು ಇವತ್ತಿನ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಇಟ್ಟು ನೋಡೋಣ. ಮೆಟಾದ ಜಾಹೀರಾತಿಗೆ ಮೂರು ಮೆಟ್ಟಿಲು. ಮೇಲಿನದು ಕ್ಯಾಂಪೇನ್, ಅಲ್ಲಿ ಉದ್ದೇಶ ಆರಿಸಬೇಕು. ನಡುವಿನದು ಆ್ಯಡ್ ಸೆಟ್, ಅಲ್ಲಿ ಯಾರಿಗೆ, ಎಲ್ಲಿ, ಯಾವಾಗ, ಎಷ್ಟು ದುಡ್ಡಿಗೆ ಅನ್ನುವುದು. ಕೆಳಗಿನದು ಆ್ಯಡ್, ಅಂದರೆ ಜನರ ಕಣ್ಣಿಗೆ ಬೀಳುವ ಚಿತ್ರ, ಮಾತು, ವಿಡಿಯೋ. ಪುಟದಲ್ಲಿ ಕಾಣುವ ಬೂಸ್ಟ್ ಬಟನ್ ಈ ಮೂರನ್ನೂ ಒಂದೇ ಪರದೆಗೆ ಇಳಿಸಿ ಕೊಡುವ ಸುಲಭ ದಾರಿ. ಸುಲಭ ಆದಷ್ಟೂ ಆಯ್ಕೆ ಕಡಿಮೆ.

ಆ್ಯಡ್ ಸೆಟ್‌ನಲ್ಲಿ ನರೇಗಲ್ ಮೇಲೆ ಪಿನ್ ಇಟ್ಟು ಸುತ್ತಲೂ 20 ಕಿಲೋಮೀಟರ್ ವೃತ್ತ ಎಳೆದರೆ ಮೇಲೆ ಹೇಳಿದ ಅಬ್ಬಿಗೇರಿ, ಜಕ್ಕಲಿ ಎಲ್ಲ ಒಳಗೆ ಬರುತ್ತವೆ. ವಯಸ್ಸು ಆರಿಸಬಹುದು, ಭಾಷೆಯ ಜಾಗದಲ್ಲಿ ಕನ್ನಡ ಅಂತಲೂ ಹಾಕಬಹುದು. ಇಲ್ಲೇ ಒಂದು ತೊಡಕಿದೆ. ನಮ್ಮಲ್ಲಿ ಎಷ್ಟೋ ಜನ ಫೋನನ್ನೂ ಆ್ಯಪನ್ನೂ ಇಂಗ್ಲಿಷ್‌ನಲ್ಲೇ ಇಟ್ಟುಕೊಂಡಿರುತ್ತಾರೆ. ಅಂಥ ಕನ್ನಡಿಗ ಭಾಷೆಯ ಜರಡಿಯಿಂದ ಕೆಳಗೆ ಬಿದ್ದು ಹೋಗಬಹುದು. ಮನೆಯಲ್ಲಿ ಕನ್ನಡ, ಓದುವಾಗ ಇನ್ನೊಂದು ಭಾಷೆ. ಗಳಗನಾಥರ ಕಾಲದಲ್ಲಿ ಆ ಇನ್ನೊಂದು ಭಾಷೆ ಮರಾಠಿ, ನಮ್ಮ ಕಾಲದಲ್ಲಿ ಇಂಗ್ಲಿಷ್. ಜರಡಿ ಹಿಡಿಯಲಾರದ ಈ ಮನುಷ್ಯನೇ ಅವರಿಗೆ ಬೇಕಾಗಿದ್ದ ಓದುಗ.

ಅವನನ್ನು ಎಳೆಯಲು ಗಳಗನಾಥರು ಮರಾಠಿಯನ್ನು ಬೈಯುತ್ತಾ ಕೂರಲಿಲ್ಲ. ಜನ ಮರಾಠಿಯಲ್ಲಿ ಇಷ್ಟಪಟ್ಟು ಓದುತ್ತಿದ್ದದ್ದು ಏನು ಅಂತ ನೋಡಿದರು. ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳು ಆಗ ಮನೆಮಾತು. ಗಳಗನಾಥರು ಅವುಗಳಲ್ಲಿ ಹಲವನ್ನು ಕನ್ನಡಕ್ಕೆ ತಂದರು. ವಿಜಯನಗರದ ಪತನದ ಮೇಲೆ ಆಪ್ಟೆ ಬರೆದ ‘ವಜ್ರಾಘಾತ’ ಇವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ ಆಯಿತು. ಹೆಸರು ಬದಲಾದದ್ದನ್ನು ಗಮನಿಸಿ. ಮೂಲದ ಹೆಸರು ಒಂದು ದೊಡ್ಡ ಹೊಡೆತದ ಬಗ್ಗೆ ಹೇಳುತ್ತದೆ. ಕನ್ನಡದ ಹೆಸರು ಹೊಡೆತ ತಿಂದವರು ಯಾರು ಅಂತ ಓದುಗನಿಗೇ ಬೆರಳು ಮಾಡುತ್ತದೆ. ಹಂಪಿಯ ಕಲ್ಲುಗಳು ತನ್ನ ಮನೆಯವು ಅಂತ ಇನ್ನೂ ಅನ್ನಿಸದಿದ್ದ ಕನ್ನಡಿಗನಿಗೆ ಆ ಹೆಸರೇ ಅರ್ಧ ಜಾಹೀರಾತು.

ಚಂದ್ರಿಕೆ

ಹಾವೇರಿ ಹತ್ತಿರದ ಅಗಡಿಯಲ್ಲಿ ಆನಂದವನ ಅನ್ನುವ ಆಶ್ರಮ ಇದೆ. ಶೇಷಾಚಲ ಸದ್ಗುರುಗಳ ಸ್ಥಾನ. ಅಲ್ಲಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಶುರುವಾಯಿತು. ಗಳಗನಾಥರು ಅದರ ಸಂಪಾದಕರಾದರು. ಶಾಲೆಯ ನೌಕರಿ ಬಿಟ್ಟು ಪೂರ್ತಿ ಬರವಣಿಗೆಗೆ, ಪತ್ರಿಕೆಗೆ ಇಳಿದರು. ಸರಕಾರಿ ಸಂಬಳ ಬಿಟ್ಟು ಕನ್ನಡ ಪತ್ರಿಕೆ ನಂಬಿಕೊಳ್ಳುವುದು ಆ ಕಾಲಕ್ಕೆ ಎಂಥ ಸ್ಟಾರ್ಟ್‌ಅಪ್ ಅಂತ ಪ್ಲೇಸ್‌ಮೆಂಟ್ ಸೀಸನ್ ನೋಡಿದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಪತ್ರಿಕೆಯ ಹೆಸರಿನಲ್ಲೇ ಇರುವಂತೆ ಅದರ ಉದ್ದೇಶ ಒಳ್ಳೆಯ ಬೋಧೆ: ಧರ್ಮ, ನೀತಿ, ಸಂತರ ಕಥೆ. ಅದರ ಜೊತೆಗೆ ಕಾದಂಬರಿಗಳು ಕಂತುಕಂತಾಗಿ ಬಂದವು. ಕಥೆ ಕುತೂಹಲದ ತುದಿಗೆ ಬಂದಾಗ ಸಂಚಿಕೆ ಮುಗಿದರೆ ಮುಂದಿನ ತಿಂಗಳಿಗೆ ಕಾಯಲೇಬೇಕು. ಓದುಗ ತಾನಾಗಿಯೇ ಪತ್ರಿಕೆ ಎಲ್ಲಿ ಅಂತ ಕೇಳಿಕೊಂಡು ಬರುತ್ತಾನೆ. ವೆಬ್ ಸೀರೀಸ್‌ನವರು ಕ್ಲಿಫ್‌ಹ್ಯಾಂಗರ್ ಅನ್ನುವುದನ್ನು ಮಾಸಪತ್ರಿಕೆಗಳು ಆಗಲೇ ಬಲ್ಲವಾಗಿದ್ದವು. ಚಂದ್ರಿಕೆ ಬಹಳ ಬೇಗ ಹಳ್ಳಿಹಳ್ಳಿಗೆ ಹಬ್ಬಿತು. ಕನ್ನಡದಲ್ಲಿ ತಿಂಗಳು ತಿಂಗಳೂ ಏನಾದರೂ ಓದುವ ಅಭ್ಯಾಸವನ್ನು ಹತ್ತಿಸಿದ ಪತ್ರಿಕೆಗಳಲ್ಲಿ ಅದಕ್ಕೆ ದೊಡ್ಡ ಜಾಗ ಇದೆ.

ಆ್ಯಡ್‌ನ ಮೊದಲ ಮೆಟ್ಟಿಲು ಉದ್ದೇಶ ಆರಿಸುವುದು ಅಂದೆವಲ್ಲ, ಅದರ ಮಹತ್ವ ಇಲ್ಲಿ ಕಾಣುತ್ತದೆ. ಮೆಟಾ ಕೇಳುವ ಉದ್ದೇಶಗಳು ಕೆಲವೇ: ಹೆಸರು ಗೊತ್ತಾಗಬೇಕೇ, ವೆಬ್‌ಸೈಟಿಗೆ ಜನ ಬರಬೇಕೇ, ಲೈಕು ಕಮೆಂಟು ಬೇಕೇ, ಫೋನ್ ನಂಬರು ಸಿಗಬೇಕೇ, ಮಾರಾಟ ಆಗಬೇಕೇ. ಯಂತ್ರ ಬಹಳ ಪ್ರಾಮಾಣಿಕ. ಲೈಕ್ ಕೇಳಿದರೆ ಲೈಕ್ ಒತ್ತುವ ಚಟ ಇರುವವರನ್ನೇ ಹುಡುಕಿ ಕೊಡುತ್ತದೆ. ಅವರು ನಿಮ್ಮ ನಾಟಕಕ್ಕೆ ಬರುತ್ತಾರೆ ಅಂತ ಅದು ಮಾತು ಕೊಟ್ಟಿಲ್ಲ. ನಾಟಕಕ್ಕೆ ಜನ ಬೇಕಾಗಿ ಲೈಕಿಗೆ ದುಡ್ಡು ಕಟ್ಟುವುದು, ಗದಗಿಗೆ ಹೋಗಬೇಕಾದವರು ಹುಬ್ಬಳ್ಳಿ ಟಿಕೆಟ್ ತೆಗೆಸಿದ ಹಾಗೆ.

ಗಳಗನಾಥರ ಉದ್ದೇಶ ಒಂದೇ: ವರ್ಗಣಿದಾರರು. ಚಂದಾದಾರರನ್ನು ಆ ಕಡೆ ಹಾಗೆ ಕರೆಯುತ್ತಾರೆ. ವರ್ಷದ ದುಡ್ಡು ಕಟ್ಟಿ, ವಿಳಾಸ ಕೊಟ್ಟು, ತಿಂಗಳು ತಿಂಗಳೂ ಓದುವ ಮನುಷ್ಯ. ಅವನೊಬ್ಬ ಸಿಕ್ಕರೆ ಮುಂದೆ ಬರುವ ಪ್ರತಿ ಪುಸ್ತಕಕ್ಕೂ ಮೊದಲ ಗಿರಾಕಿ ಸಿಕ್ಕ ಹಾಗೆ.

ಒಂದು ರೂಪಾಯಿಗೆ ಎಷ್ಟು ಜನ?

ಈಗ ಖರ್ಚಿಗೆ ಬರೋಣ. ಗಳಗನಾಥರ ಕಾಲದಲ್ಲಿ ಊರಿಗೆ ಸುದ್ದಿ ಮುಟ್ಟಿಸಲು ಇದ್ದ ದಾರಿಗಳು: ಡಂಗುರ, ಸಂತೆ, ಜಾತ್ರೆ, ಅಂಚೆ, ಬಾಯಿಂದ ಬಾಯಿಗೆ. ಇವುಗಳಲ್ಲಿ ಲೆಕ್ಕ ಸಿಗುವುದು ಅಂಚೆಯದು. ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ರೂಪಾಯಿಗೆ 16 ಆಣೆ, ಆದ್ದರಿಂದ ಒಂದು ರೂಪಾಯಿಗೆ 64 ಕಾರ್ಡು. ಅಂದರೆ 64 ಮನೆಗೆ ಸುದ್ದಿ.

ವಿ.ಪಿ.ಪಿ. ಶುರುವಾದದ್ದು 1877ರಲ್ಲಿ. ಪುಸ್ತಕ ಅಂಚೆಯಲ್ಲಿ ಬರುತ್ತದೆ, ಮನೆ ಬಾಗಿಲಲ್ಲಿ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು, ಅಂಚೆಯವರು ಆ ದುಡ್ಡನ್ನು ಪ್ರಕಾಶಕರಿಗೆ ಮುಟ್ಟಿಸುತ್ತಾರೆ. ನಮ್ಮ ಕ್ಯಾಶ್ ಆನ್ ಡೆಲಿವರಿಯ ಮುತ್ತಜ್ಜ ಇದು. ಆ ಕಾಲದ ಪತ್ರಿಕೆ, ಪುಸ್ತಕದ ವ್ಯಾಪಾರ ನಿಂತದ್ದೇ ಇದರ ಮೇಲೆ. ಇದರ ಕಷ್ಟವೂ ಇವತ್ತಿನದೇ. ಗಿರಾಕಿ ಬಿಡಿಸಿಕೊಳ್ಳದಿದ್ದರೆ ಕಟ್ಟು ಹಾಗೇ ವಾಪಸು ಬರುತ್ತದೆ, ಅಂಚೆ ಖರ್ಚು ಕಳಿಸಿದವನ ತಲೆಗೆ. ಆನ್‌ಲೈನ್ ಅಂಗಡಿಯವರು ರಿಟರ್ನ್ ಅಂತ ತಲೆ ಚಚ್ಚಿಕೊಳ್ಳುತ್ತಾರಲ್ಲ, ಅದೇ.

ನಮ್ಮ ಕಡೆಯ ಲೆಕ್ಕ ನೋಡೋಣ. ನರೇಗಲ್ ಸುತ್ತಿನ ವೃತ್ತಕ್ಕೆ 1000 ರೂಪಾಯಿ ಇಡುತ್ತೇವೆ ಅಂದುಕೊಳ್ಳಿ. ಮೊದಲೇ 18% ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು 1180. ಸಾವಿರ ಸಲ ತೋರಿಸಲು 50 ರೂಪಾಯಿ ಬೀಳುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇದು ಊರು, ಕಾಲ, ಪೈಪೋಟಿ ನೋಡಿಕೊಂಡು ಏರಿಳಿಯುವ ಸಂಖ್ಯೆ, ನಿಮ್ಮ ಪರದೆಯ ಮೇಲೆ ಬಂದದ್ದನ್ನೇ ಹಾಕಿಕೊಳ್ಳಿ. ಹಾಗಾದರೆ 1000 ರೂಪಾಯಿಗೆ 20,000 ಸಲ ತೋರಿಕೆ. ನೂರರಲ್ಲಿ ಒಂದು ಸಲ ಕ್ಲಿಕ್ ಆದರೆ 200 ಕ್ಲಿಕ್. ಕ್ಲಿಕ್ ಮಾಡಿದ ನೂರು ಜನರಲ್ಲಿ ಐವರು ಹೆಸರು ಬರೆಸಿದರೆ ಕೊನೆಗೆ 10 ಜನ. 1180 ಭಾಗಿಸು 10, ತಲೆಗೆ 118 ರೂಪಾಯಿ.

ಈ ಲೆಕ್ಕದಲ್ಲಿ ಮೂರು ಅಂಶ ಇವೆ: ತೋರಿಕೆಯ ದರ, ಕ್ಲಿಕ್ಕಿನ ಪ್ರಮಾಣ, ಹೆಸರು ಬರೆಸುವ ಪ್ರಮಾಣ. ದುಡ್ಡು ಹೆಚ್ಚು ಹಾಕಿದರೆ ತೋರಿಕೆ ಹೆಚ್ಚುತ್ತದೆ ಅಷ್ಟೆ, ತಲೆಗೆ ಬೀಳುವ ಖರ್ಚು ಕಡಿಮೆ ಆಗುವುದಿಲ್ಲ. ಕ್ಲಿಕ್ಕನ್ನು ನೂರಕ್ಕೆ ಒಂದರಿಂದ ಎರಡಕ್ಕೆ ಏರಿಸಿದರೆ 118 ಇದ್ದದ್ದು 59 ಆಗುತ್ತದೆ. ಅದು ಆಗುವುದು ಪೋಸ್ಟರಿನಿಂದ, ಮಾತಿನಿಂದ. ಹೆಸರು ಬರೆಸುವ ಪ್ರಮಾಣ ಏರುವುದು ಕ್ಲಿಕ್ ಮಾಡಿದವನಿಗೆ ಒಳಗೆ ಏನು ಸಿಕ್ಕಿತು ಅನ್ನುವುದರಿಂದ. ಕಳಿಸಿದ ಕಟ್ಟು ವಾಪಸು ಬರಬಾರದು ಅಂದರೆ ಓದುಗನಿಗೆ ಮೊದಲೇ ಪುಸ್ತಕದ ಹಂಬಲ ಹುಟ್ಟಿರಬೇಕು. ಗಳಗನಾಥರು ಬೆವರು ಸುರಿಸಿದ್ದು ಈ ಜಾಗದಲ್ಲಿ.

ತೋರಿಕೆ ಬೇರೆ, ತಲುಪಿದ ಜನ ಬೇರೆ ಅನ್ನುವುದನ್ನೂ ಮರೆಯಬಾರದು. 20,000 ತೋರಿಕೆ ಅಂದರೆ 20,000 ಜನ ಅಲ್ಲ. ಒಬ್ಬನಿಗೇ ನಾಲ್ಕು ಸಲ ತೋರಿಸಿದರೆ ತಲುಪಿದ್ದು 5,000 ಜನರನ್ನು. ಹಳ್ಳಿಯ ಓದಿನಲ್ಲಿ ಈ ಲೆಕ್ಕ ತಿರುಗಾಮುರುಗಾ. ಪುರಾಣ ಓದಿಸಿ ಕೇಳುವ ಪದ್ಧತಿ ನಮ್ಮಲ್ಲಿ ಹಳೆಯದು. ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಒಬ್ಬರು ಓದಿದರೆ ಹತ್ತು ಜನ ಕೇಳುತ್ತಾರೆ. ಒಂದೇ ಪ್ರತಿ, ಹಲವು ಕಿವಿ. ಅಕ್ಷರ ಬಲ್ಲವರು ನೂರಕ್ಕೆ ಐದಾರು ಮಂದಿ ಇದ್ದ ಕಾಲದಲ್ಲಿ ಕಥೆ ಅದಕ್ಕಿಂತ ಎಷ್ಟೋ ಹೆಚ್ಚು ಜನರಿಗೆ ಮುಟ್ಟಲು ಸಾಧ್ಯವಿದ್ದದ್ದು ಹೀಗೆ.

ತಲೆಯ ಮೇಲಿನ ಗಂಟು

1880ರ ದಶಕದಲ್ಲಿ ರೈಲು ಗದಗಕ್ಕೆ ಬಂತು, ಹುಬ್ಬಳ್ಳಿಗೆ ಬಂತು, ಹಾವೇರಿಗೂ ಬಂತು. ನರೇಗಲ್‌ನಂಥ ಊರಿಗೆ ಹಳಿ ಇಲ್ಲ. ಸ್ಟೇಶನ್ನಿನಿಂದ ಆಚೆಗೆ ಚಕ್ಕಡಿ, ಇಲ್ಲವಾದರೆ ಕಾಲ್ನಡಿಗೆ. ಕನ್ನಡ ಪುಸ್ತಕ ಇಟ್ಟು ಮಾರುವ ಅಂಗಡಿಗಳು ಶಹರದಲ್ಲೇ ಬೆರಳೆಣಿಕೆ, ಹಳ್ಳಿಯ ಮಾತು ದೂರ.

ಆಗ ಗಳಗನಾಥರು ಮಾಡಿದ ಕೆಲಸದಿಂದ ಅವರು ಇವತ್ತಿಗೂ ನೆನಪಿನಲ್ಲಿದ್ದಾರೆ. ತಾವು ಬರೆದ ಪುಸ್ತಕಗಳನ್ನು ಗಂಟು ಕಟ್ಟಿ, ಹೊತ್ತುಕೊಂಡು, ಊರಿಂದ ಊರಿಗೆ ನಡೆದರು. ಮನೆ ಮನೆಗೆ ಹೋಗಿ ಮಾರಿದರು. ಲೇಖಕರೂ ಅವರೇ, ಸಂಪಾದಕರೂ ಅವರೇ, ಪ್ರಕಾಶಕರೂ ಅವರೇ, ಡೆಲಿವರಿ ಹುಡುಗನೂ ಅವರೇ. ಹೆಸರಾಂತ ಕಾದಂಬರಿಕಾರ ಬಾಗಿಲಿಗೆ ಬಂದು ಗಂಟು ಇಳಿಸುವುದನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಮರ್ಯಾದೆಗೆ ಕಡಿಮೆ ಅಂತ ಅವರಿಗೆ ಅನ್ನಿಸಲಿಲ್ಲ. ಕನ್ನಡ ಪುಸ್ತಕ ಓದುಗನ ಹತ್ತಿರ ಹೋಗಬೇಕು, ಓದುಗ ತಾನಾಗಿ ಬರುವ ಕಾಲ ಇನ್ನೂ ಬಂದಿಲ್ಲ ಅನ್ನುವುದು ಅವರಿಗೆ ಸ್ಪಷ್ಟವಿತ್ತು.

ಹೀಗೆ ನಡೆಯುವುದರಲ್ಲಿ ಒಂದು ಲಾಭ ಇತ್ತು, ಅದನ್ನು ಎಂಜಿನಿಯರಿಂಗ್ ಭಾಷೆಯಲ್ಲಿ ಫೀಡ್‌ಬ್ಯಾಕ್ ಲೂಪ್ ಅನ್ನಬಹುದು. ಮನೆಯ ಕಟ್ಟೆಯ ಮೇಲೆ ಕೂತು ಮಾರುವವನಿಗೆ ಉತ್ತರ ಅಲ್ಲೇ ಸಿಗುತ್ತದೆ. ಯಾವ ಪುಸ್ತಕ ಕೈಗೆತ್ತಿಕೊಂಡರು, ಯಾವುದನ್ನು ತಿರುವಿ ಕೆಳಗಿಟ್ಟರು, ಬೆಲೆ ಕೇಳಿ ಮುಖ ಹೇಗಾಯಿತು, ಕಳೆದ ಸಲ ಕೊಂಡದ್ದು ಹಿಡಿಸಿತೋ ಇಲ್ಲವೋ. ಮೆಟಾದ ಯಂತ್ರವೂ ಇದನ್ನೇ ಮಾಡಲು ಹೆಣಗುತ್ತದೆ. ಹೊಸ ಆ್ಯಡ್ ಸೆಟ್ ಶುರುವಾದಾಗ ಕಲಿಕೆಯ ಹಂತ ಅಂತ ಒಂದಿದೆ. ನೀವು ಬಯಸಿದ ಕೆಲಸ ವಾರದೊಳಗೆ ಸುಮಾರು 50 ಸಲ ಆದರೆ ಯಾರಿಗೆ ತೋರಿಸಬೇಕು ಅನ್ನುವುದು ಅದಕ್ಕೆ ನೆಲೆಗೊಳ್ಳುತ್ತದೆ. ಮೇಲಿನ ಲೆಕ್ಕದಂತೆ 1000 ರೂಪಾಯಿಗೆ ಹತ್ತು ಹೆಸರು ಬಂದರೆ ಯಂತ್ರ ಇನ್ನೂ ಒಂದನೇ ಇಯತ್ತೆಯಲ್ಲೇ ಇರುತ್ತದೆ. ನಡುವೆ ಎರಡು ದಿನಕ್ಕೊಮ್ಮೆ ಪೋಸ್ಟರು, ಬಜೆಟ್ಟು, ಊರು ಬದಲಿಸಿದರೆ ಕಲಿಕೆ ಮತ್ತೆ ಮೊದಲಿನಿಂದ. ಸಣ್ಣ ಬಜೆಟ್ಟಿನ ಸಂಘಗಳು ಒಂದೇ ಆ್ಯಡ್ ಸೆಟ್ ಇಟ್ಟು, ನಾಲ್ಕೈದು ದಿನ ಕೈ ಕಟ್ಟಿ ಕೂರುವುದು ಒಳ್ಳೆಯದು.

ಇನ್ನೊಂದು ಮಾತು ಹರಾಜಿನದು. ಪ್ರತಿ ಸಲ ಒಬ್ಬನ ಪರದೆಯಲ್ಲಿ ಜಾಗ ಖಾಲಿ ಆದಾಗ ಜಾಹೀರಾತುಗಳ ನಡುವೆ ಹರಾಜು ನಡೆಯುತ್ತದೆ. ಅಲ್ಲಿ ಹೆಚ್ಚು ಕೂಗಿದವನೇ ಗೆಲ್ಲಬೇಕು ಅಂತಿಲ್ಲ. ನಿಮ್ಮ ಬಿಡ್ಡನ್ನು, ನೋಡಿದವನು ನೀವು ಬಯಸಿದ್ದನ್ನು ಮಾಡುವ ಸಂಭವದಿಂದ ಗುಣಿಸಿ, ಅದಕ್ಕೆ ಜಾಹೀರಾತಿನ ಗುಣಮಟ್ಟದ ಅಂಕ ಕೂಡಿಸಿ ಒಟ್ಟು ಬೆಲೆ ಕಟ್ಟುತ್ತಾರೆ. ಜನಕ್ಕೆ ಬೇಕಾದ ಜಾಹೀರಾತಿಗೆ ಕಡಿಮೆ ದುಡ್ಡಿನಲ್ಲೂ ಜಾಗ ಸಿಗುತ್ತದೆ. ಸಪ್ಪೆ ಪೋಸ್ಟರಿಗೆ ದುಡ್ಡು ಸುರಿದು ಜಾಗ ಕೊಳ್ಳಬೇಕು. ಪೇಟೆಯಲ್ಲಿ ಯಾವಾಗಲೂ ನಡೆಯುವುದು ಇದೇ, ಯಂತ್ರ ಅದಕ್ಕೆ ಸೂತ್ರ ಬರೆದಿದೆ ಅಷ್ಟೆ.

1923

ಗಳಗನಾಥರು ಮುಂದೆ ತಮ್ಮದೇ ‘ಸದ್ಗುರು’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಕಾದಂಬರಿಗಳು ಒಂದರ ಹಿಂದೆ ಒಂದು ಬಂದವು. ಅನುವಾದದಿಂದ ಹೊರಬಂದು ಸ್ವತಂತ್ರವಾಗಿ ಬರೆದ ‘ಮಾಧವ ಕರುಣಾ ವಿಲಾಸ’ 1923ರಲ್ಲಿ ಬಂತು. ವಿಜಯನಗರ ಹುಟ್ಟಿದ ಕಥೆ, ವಿದ್ಯಾರಣ್ಯರ ಕಥೆ. ಕನ್ನಡದ ಐತಿಹಾಸಿಕ ಕಾದಂಬರಿಯ ಮಾತು ಬಂದಾಗೆಲ್ಲ ಮೊದಲು ಹೆಸರಿಸುವ ಪುಸ್ತಕಗಳಲ್ಲಿ ಅದೊಂದು. ಹಿಂದೆ ಪತನದ ಕಥೆಯನ್ನು ಮರಾಠಿಯಿಂದ ತಂದವರು ಈಗ ಕಟ್ಟಿದ ಕಥೆಯನ್ನು ತಾವೇ ಬರೆದಿದ್ದರು.

ಅದೇ 1923ರಲ್ಲಿ ಅಮೆರಿಕದಲ್ಲಿ ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ಬರಹಗಾರ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಅನ್ನುವ ಪುಸ್ತಕ ತಂದ. ಜಾಹೀರಾತು ಅಂದಾಜಿನ ಕೆಲಸ ಆಗಬಾರದು, ಪ್ರತಿಯೊಂದಕ್ಕೂ ಕೂಪನ್ ಇಟ್ಟು ಎಷ್ಟು ವಾಪಸು ಬಂದವು ಅಂತ ಎಣಿಸಬೇಕು, ಜಾಹೀರಾತನ್ನು ಒಬ್ಬ ಮಾರಾಟಗಾರನ ಹಾಗೆ ಅಳೆಯಬೇಕು ಅನ್ನುವುದು ಅವನ ವಾದ. ಇವತ್ತಿನ ಎ/ಬಿ ಟೆಸ್ಟ್, ಕ್ಲಿಕ್ ಲೆಕ್ಕ ಎಲ್ಲದರ ಬೇರು ಅಲ್ಲಿದೆ. ಅವನು ಅಳತೆಗೋಲಾಗಿ ಇಟ್ಟ ಆ ಮಾರಾಟಗಾರ, ಎದುರಿಗೆ ಕೂತವನ ಮುಖ ನೋಡಿ ಮಾತಾಡುವ ಮನುಷ್ಯ, ಧಾರವಾಡ ಜಿಲ್ಲೆಯ ಧೂಳಿನ ದಾರಿಯಲ್ಲಿ ಕಾದಂಬರಿಗಳ ಗಂಟು ಹೊತ್ತು ನಡೆಯುತ್ತಿದ್ದ.

ಬಿಲ್ ಕಟ್ಟಿದವರು

ಇಷ್ಟೆಲ್ಲ ಹೇಳಿದ ಮೇಲೆ ಗಳಗನಾಥರು ದೊಡ್ಡ ಲಾಭ ಮಾಡಿಕೊಂಡರು ಅಂತ ಮುಗಿಸಿದರೆ ಚೆನ್ನಾಗಿತ್ತು. ಹಾಗೆ ಆಗಲಿಲ್ಲ. ಕನ್ನಡಕ್ಕೆ ಓದುಗರು ಸಿಕ್ಕರು, ಅವರಿಗೆ ಸಿರಿತನ ಸಿಗಲಿಲ್ಲ. ವಯಸ್ಸಾದ ಮೇಲೂ ಪುಸ್ತಕದ ಗಂಟು ಹೆಗಲಿಂದ ಇಳಿಯಲಿಲ್ಲ. 1942ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ವಯಸ್ಸು 73.

ಇಲ್ಲಿ ಲೆಕ್ಕವನ್ನು ನೇರವಾಗಿ ಹೇಳಬೇಕು. ಓದುಗನನ್ನು ಮುಟ್ಟುವ ಖರ್ಚು ಯಾವ ಕಾಲದಲ್ಲೂ ಸೊನ್ನೆ ಆಗುವುದಿಲ್ಲ. ಯಾರಾದರೊಬ್ಬರು ಕಟ್ಟಲೇಬೇಕು. ನಾವು ಇವತ್ತು ಯುಪಿಐನಲ್ಲಿ ಕಟ್ಟುತ್ತೇವೆ. ಅವರು ತಮ್ಮ ಕಾಲುಗಳಿಂದ, ವರ್ಷಗಳಿಂದ ಕಟ್ಟಿದರು. ಪುಸ್ತಕದ ಬೆಲೆಯೊಳಗೆ ಆ ನಡಿಗೆಯ ಕೂಲಿ ಎಂದೂ ಸೇರಲಿಲ್ಲ. ಗಳಗನಾಥರನ್ನು ಕಾದಂಬರಿ ಪಿತಾಮಹ ಅಂತ ಕರೆದು ಹಾರ ಹಾಕುವಾಗ ನಾವು ಈ ಕೂಲಿಯನ್ನು ಮರೆಯುತ್ತೇವೆ. ಈಗಲೂ ಯಾವುದೇ ಕನ್ನಡ ಸಂಘದಲ್ಲಿ ರಾತ್ರಿ ಎರಡು ಗಂಟೆಯವರೆಗೆ ಪೋಸ್ಟರ್ ಮಾಡುವ, ಹಾಸ್ಟೆಲ್ಲಿನ ಬಾಗಿಲು ಬಾಗಿಲು ತಟ್ಟಿ ಕರೆಯುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಕ್ಯಾಂಪೇನಿನ ಖರ್ಚಿನ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ಅವರ ಗಂಟೆಗಳನ್ನೂ ಬಜೆಟ್ಟಿನಲ್ಲಿ ಬರೆದರೆ ಯಾವ ಕ್ಯಾಂಪೇನ್ ಅಗ್ಗ, ಯಾವುದು ತುಟ್ಟಿ ಅನ್ನುವುದು ಬೇರೆಯೇ ಆಗಿ ಕಾಣುತ್ತದೆ.

ಎರಡನೆಯ ಮಾತು, ಆ ಖರ್ಚಿಗೆ ಏನು ಉಳಿಯಿತು ಅನ್ನುವುದು. ದುಡ್ಡು ಕೊಟ್ಟು ಆ್ಯಡ್ ಓಡಿಸಿದಾಗ ನರೇಗಲ್‌ನ ಐದು ಸಾವಿರ ಕಣ್ಣುಗಳನ್ನು ಕೆಲವು ದಿನಕ್ಕೆ ಬಾಡಿಗೆಗೆ ತೆಗೆದುಕೊಂಡ ಹಾಗೆ. ಬಜೆಟ್ ಮುಗಿದ ದಿನ ಬಾಡಿಗೆ ಮುಗಿಯಿತು. ಮುಂದಿನ ವರ್ಷ ಅದೇ ಜನರಿಗೆ ಮತ್ತೆ ಬಾಡಿಗೆ. ಗಳಗನಾಥರ ವರ್ಗಣಿದಾರರ ಪಟ್ಟಿ ಹಾಗಲ್ಲ. ಅದು ಸ್ವಂತ ಹೊಲ. ಒಬ್ಬೊಬ್ಬರ ಹೆಸರು, ಊರು ಬರೆದ ಪಟ್ಟಿ. ಮುಂದಿನ ಪುಸ್ತಕ ಬಂದಾಗ ಒಂದು ಕಾಲಾಣೆ ಕಾರ್ಡು ಸಾಕು. ನಮ್ಮಂಥ ಸಂಘಗಳು ಆ್ಯಡ್‌ಗೆ ದುಡ್ಡು ಹಾಕುವುದಾದರೆ ಈ ಕಾರಣಕ್ಕೇ ಹಾಕಬೇಕು: ಬಾಡಿಗೆಯ ಕಣ್ಣುಗಳಲ್ಲಿ ಕೆಲವನ್ನಾದರೂ ನಮ್ಮ ಪಟ್ಟಿಗೆ ತರಲು. ಕ್ಲಿಕ್ ಮಾಡಿದವರನ್ನು ಸುಮ್ಮನೆ ಪೋಸ್ಟರಿಗೆ ಕಳಿಸುವ ಬದಲು, ಹೆಸರು, ಇಮೇಲ್ ಬರೆಸುವ ಸಣ್ಣ ಫಾರ್ಮಿಗೆ ಕಳಿಸಿ. ಏಕೆ ಕೇಳುತ್ತಿದ್ದೇವೆ, ಏನು ಕಳಿಸುತ್ತೇವೆ ಅಂತ ಅಲ್ಲೇ ಹೇಳಿ. ಆಮೇಲೆ ಹೇಳಿದ್ದನ್ನು ಕಳಿಸಿ, ಸಂಚಿಕೆ ತಪ್ಪಿಸಬೇಡಿ. ಮಾಸಪತ್ರಿಕೆಗೆ ಮರ್ಯಾದೆ ಬರುವುದು ತಿಂಗಳು ತಿಂಗಳೂ ಬಂದಾಗ.

ಪಟ್ಟಿಯಲ್ಲಿ ಹತ್ತೇ ಹೆಸರು ಬಂದರೂ ಬೇಸರ ಬೇಡ. ಆ ಹತ್ತರಲ್ಲಿ ಒಬ್ಬರು ನರೇಗಲ್‌ನ ಶಾಲೆಯ ಮಾಸ್ತರರಾಗಿದ್ದರೆ, ಅವರು ಅದನ್ನು ತರಗತಿಯಲ್ಲಿ ಓದಿ ಹೇಳಿದರೆ, ಮೆಟಾದ ಯಾವ ವರದಿಯಲ್ಲೂ ಬಾರದ ನಲವತ್ತು ಕೇಳುಗರು ನಮಗೆ ಸಿಕ್ಕ ಹಾಗೆ. ಕನ್ನಡ ಓದುಗರ ಬಳಗವೊಂದು ಒಮ್ಮೆ ಬೆಳೆದದ್ದೇ ಹೀಗೆ, ಒಂದು ಪ್ರತಿ, ಒಂದು ಕಟ್ಟೆ, ಒಬ್ಬ ಓದುವವ, ಹತ್ತು ಕೇಳುವವರು. ಆ ಬಳಗದ ಮೊಮ್ಮಕ್ಕಳೇ ನಾವು.

ಈ ನವೆಂಬರಿನಲ್ಲಿ ನಿಮ್ಮ ಸಂಘ ಬೂಸ್ಟ್ ಒತ್ತುವ ಮೊದಲು ಉದ್ದೇಶ ಒಂದು ಸಾಲಿನಲ್ಲಿ ಬರೆದುಕೊಳ್ಳಿ, ತಲೆಗೆ ಎಷ್ಟು ಬೀಳುತ್ತದೆ ಅಂತ ಭಾಗಾಕಾರ ಮಾಡಿ, ಬಂದವರ ಹೆಸರು ಇಡಲು ಒಂದು ಪಟ್ಟಿ ಸಿದ್ಧ ಮಾಡಿಕೊಳ್ಳಿ. ಬಿಡುವಿದ್ದರೆ ಕಾಲೇಜು ಗ್ರಂಥಾಲಯದಲ್ಲಿ ‘ಮಾಧವ ಕರುಣಾ ವಿಲಾಸ’ ಇದೆಯಾ ಕೇಳಿ. ಇಲ್ಲ ಅಂದರೆ ತರಿಸಲು ಅರ್ಜಿ ಕೊಡಿ. ಆ ಪುಸ್ತಕಕ್ಕೆ ಇನ್ನೂ ಒಬ್ಬ ಓದುಗನನ್ನು ಹುಡುಕಿಕೊಟ್ಟ ಲೆಕ್ಕ ನಿಮ್ಮ ಹೆಸರಿಗೆ ಜಮೆ ಆಗುತ್ತದೆ.